ಸ್ಟೇಷನ್ನಿನಲ್ಲಿದ್ದ ಬಂದೂಕಿನ ಸದ್ದು

ಆ ಸಂಜೆ ಹಾರಿದ್ದು ನಮ್ಮ ಮನೆಯ ಬಂದೂಕೇ. ಆ ಹೊತ್ತಿನಲ್ಲಿ ಅದು ಪೊಲೀಸ್ ಸ್ಟೇಷನ್ನಿನ ಬೀರುವಿನೊಳಗೆ, ಬೀಗದ ಹಿಂದೆ, ಗುಂಡಿಲ್ಲದೆ ಇತ್ತು. ಎರಡೂ ನಿಜ. ಎರಡೂ ಹೇಗೆ ನಿಜವಾಗುತ್ತವೆ ಎಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲ.

ನಾನು ಇಂಥದ್ದನ್ನು ನಂಬುವವಳಲ್ಲ. ನಮ್ಮತ್ತೆ ಹುಣಸೆಮರದ ಹತ್ತಿರ ಬಂದರೆ ಥೂ ಥೂ ಎಂದು ಉಗಿದು ದಾಟುತ್ತಿದ್ದರು. ನಾನು ಅದೇ ಮರಕ್ಕೆ ಹಸು ಕಟ್ಟುತ್ತಿದ್ದೆ. ದೆವ್ವ ಬಾಗಿಲು ತಟ್ಟುತ್ತದೆ ಎಂದು ಊರೆಲ್ಲ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಸಿಕೊಂಡ ಕಾಲದಲ್ಲಿ ನಮ್ಮ ಬಾಗಿಲಿಗೆ ಸುಣ್ಣದ ಚುಕ್ಕೆ ಇಡಲೂ ನಾನು ಬಿಡಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಯಾವುದು, ಯಾರೋ ಕಟ್ಟಿ ಹೇಳಿದ್ದು ಯಾವುದು ಎಂದು ತಿಳಿಯಲು ಅಷ್ಟು ಓದು ಸಾಕು. ಇದನ್ನು ನನಗೆ ಯಾರೂ ಕಟ್ಟಿ ಹೇಳಿಲ್ಲ.

ನಮ್ಮದು ಕೆ.ಆರ್. ಪುರದಿಂದ ಆಚೆಗಿನ ಹಳ್ಳಿ. ಈಗ ಅದನ್ನು ಹಳ್ಳಿ ಎನ್ನುವವರು ನಾವು ಮುದುಕಿಯರು ಮಾತ್ರ. ನಮ್ಮ ಮನೆಯೂ ಮೂರು ಅಂತಸ್ತಾಗಿದೆ. ಮೇಲಿನ ಎರಡರಲ್ಲಿ ಬಾಡಿಗೆಯವರು, ಕೆಳಗೆ ನಾನು, ಮಗ ಮಂಜು, ಸೊಸೆ ಶೋಭಾ. ಆಗ ನಮ್ಮ ಯಜಮಾನರೂ ಇದ್ದರು.

ಬಂದೂಕು ನಮ್ಮ ಮಾವನವರದು, ಜೋಡಿ ನಳಿಗೆಯದು. ಕುಕ್ ಟೌನಿನ ಬಂಗಲೆಯಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹೊರಡುವಾಗ ಇವರಿಗೆ ಮಾರಿ ಹೋದನಂತೆ. ಮಾವನವರು, ಆಮೇಲೆ ಯಜಮಾನರೂ, ಅದರಲ್ಲಿ ಮೊಲ, ಕವುಜುಗದ ಹಕ್ಕಿ, ಕೆರೆಯ ಬಾತು ಹೊಡೆಯುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯ ಒಂದು ಪದ್ಧತಿ ಕಲಿತೆ. ಬೇಟೆ ಮುಗಿಸಿ ಬರುವವರು ಕೆರೆಯ ತೂಬಿನ ಹತ್ತಿರ ನಿಂತು ಆಕಾಶಕ್ಕೆ ಎರಡು ಹಾರಿಸುತ್ತಿದ್ದರು. ಅದು ಕೇಳಿದ ಕೂಡಲೇ ಹೆಂಗಸರು ಮುದ್ದೆಗೆ ಎಸರಿಡಬೇಕು. ಅವರು ಬಂದು ಕೈಕಾಲು ತೊಳೆಯುವ ಹೊತ್ತಿಗೆ ತಟ್ಟೆಗೆ ಬಿಸಿ ಮುದ್ದೆ ಬೀಳಬೇಕು. ಏನೂ ಸಿಗದೆ ಬರಿಗೈಯಲ್ಲಿ ಬಂದ ದಿನವೂ ಹಾರಿಸುತ್ತಿದ್ದರು. ಮೊಲ ಸಿಕ್ಕದಿದ್ದರೆ ಹಸಿವೇನು ಸುಮ್ಮನಿರುತ್ತದೆಯೇ?

ಆ ಬಂದೂಕಿನ ಸದ್ದನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತಿದ್ದೆ. ಬಲಗಡೆ ನಳಿಗೆಯ ಕುದುರೆ, ಅಂದರೆ ಟ್ರಿಗರ್, ಎಳೆದರೆ ಸಲೀಸು. ಎಡಗಡೆಯದು ಬಿಗಿ. ಅದನ್ನು ಒತ್ತಿ ಎಳೆಯುವಷ್ಟರಲ್ಲಿ ಒಂದು ಬಿಕ್ಕಳಿಕೆಯಷ್ಟು ಹೊತ್ತು ಹೋಗುತ್ತಿತ್ತು. ಢಂ ಎನ್ನುವುದು, ತಡೆಯುವುದು, ಮತ್ತೆ ಢಂ ಎನ್ನುವುದು. ಪಕ್ಕದ ಊರಿನವರ ಬಂದೂಕು ಹಾರಿದರೆ ನಾನು ಕೂತಲ್ಲಿಂದ ಏಳುತ್ತಿರಲಿಲ್ಲ.

ಆಮೇಲೆ ಬೇಟೆಯನ್ನು ಸರ್ಕಾರ ನಿಲ್ಲಿಸಿತು. ಬಂದೂಕು ಅಟ್ಟ ಸೇರಿ ತುಕ್ಕು ಹಿಡಿಯಿತು. ಯಜಮಾನರು ಕಾರ್ಖಾನೆಯ ಕೆಲಸದಿಂದ ರಿಟೈರ್ ಆದ ಮೇಲೆ ಅದನ್ನು ಕೆಳಗಿಳಿಸಿದರು. ಶಿವಾಜಿನಗರದಲ್ಲಿ ಬಂದೂಕು ರಿಪೇರಿ ಮಾಡುವ ಬಷೀರಣ್ಣ ಎಂಬುವರ ಜೊತೆ ಸೇರಿ ಅದನ್ನು ಬಿಚ್ಚಿದರು. ಒಂದೊಂದು ಸ್ಕ್ರೂವನ್ನೂ ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಮರದ ಹಿಡಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಅಗಸೆ ಎಣ್ಣೆ ಕುಡಿಸಿದರು. ದಿನಕ್ಕೊಂದು ಕೈ ಎಣ್ಣೆ, ಅಂಗೈಯಲ್ಲೇ ತಿಕ್ಕುವುದು. ಒಂದು ಬೇಸಿಗೆ ಪೂರ್ತಿ ಇದೇ ಆಯಿತು. ಕೊನೆಗೆ ಆ ಮರದೊಳಗಿನ ಗೆರೆಗಳು ಹುಲಿಯ ಮೈಯಂತೆ ಎದ್ದು ಬಂದವು. ಚೆನ್ನಾಗಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಬಷೀರಣ್ಣ ಎಡಗಡೆಯದನ್ನೂ ಸರಿ ಮಾಡುತ್ತೇನೆ ಎಂದರು. “ಭಾಯ್, ಇದೂ ಸಲೀಸು ಮಾಡ್ಕೊಡ್ತೀನಿ, ಚಾ ಕುಡಿಯೋ ಅಷ್ಟೊತ್ತಿನ ಕೆಲ್ಸ.”

“ಬ್ಯಾಡ ಬಷೀರಣ್ಣ, ಅದು ಹಂಗೇ ಇರ್ಲಿ. ನಮ್ಮಪ್ಪ ಹಂಗೇ ಎಳೀತಿದ್ದಿದ್ದು.”

“ಅದಕ್ಕೆ ಹಚ್ಚಿದ ಎಣ್ಣೇಲಿ ಕಾಲು ಭಾಗ ನನ್ನ ತಲೆಗೆ ಹಚ್ಚಿದ್ರೆ ನಾಕು ಕೂದ್ಲಾದ್ರೂ ಉಳೀತಿತ್ತು” ಎಂದು ನಾನು ಟೀ ಲೋಟ ಕುಕ್ಕಿದೆ.

“ಭಾಭಿಗೆ ಸವತಿ ಮೇಲೆ ಹೊಟ್ಟೆಕಿಚ್ಚು!” ಎಂದು ಬಷೀರಣ್ಣ ನಕ್ಕರು.

ಆಗೊಮ್ಮೆ ಈಗೊಮ್ಮೆ ಇಬ್ಬರೂ ಅದನ್ನು ತೆಗೆದುಕೊಂಡು ಗುರಿ ಹೊಡೆಯುವ ಮೈದಾನಕ್ಕೆ ಹೋಗಿ, ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಗಳನ್ನು ಒಡೆದು ಬರುತ್ತಿದ್ದರು. ಯಜಮಾನರ ಭುಜ ನೀಲಿಗಟ್ಟಿರುತ್ತಿತ್ತು, ಮುಖ ಮಾತ್ರ ಮದುಮಗನದು. ಬಂದವರು ಎಷ್ಟೇ ದಣಿದಿರಲಿ, ಮೊದಲು ಬಂದೂಕನ್ನು ಒರೆಸಬೇಕು. ಹಿತ್ತಾಳೆಯ ಉದ್ದನೆಯ ಸರಳಿಗೆ ಹಳೆಯ ಬಿಳಿ ಪಂಚೆಯ ತುಂಡು ಸಿಕ್ಕಿಸಿ ನಳಿಗೆಯೊಳಗೆ ಆಡಿಸುವುದು. ಮದ್ದಿನ ಮಸಿ ಹೋಗಿ, ಬಟ್ಟೆ ಬೆಳ್ಳಗೆ ಹೊರಬರುವ ತನಕ ಊಟವಿಲ್ಲ. ಹಾರಿಸಿದ ಬಂದೂಕನ್ನು ಒರೆಸದೆ ಇಡಬಾರದು, ಇದು ಮಾವನವರ ಕಾಲದಿಂದ ಬಂದ ಮಾತು.

ಆಮೇಲೆ ಯಜಮಾನರಿಗೆ ಮರೆವು ಶುರುವಾಯಿತು. ಮೊದಲು ದಾರಿ, ಆಮೇಲೆ ಹೆಸರು, ಆಮೇಲೆ ನಾನು. ನನ್ನನ್ನು “ಅಮ್ಮಣ್ಣಿ, ನೀವು ಯಾರ ಮನೆಯೋರು?” ಎಂದು ಕೇಳುತ್ತಿದ್ದರು. ಮಂಜು ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಗುಂಡುಗಳನ್ನೆಲ್ಲ ಅಂಗಡಿಗೆ ಹಿಂದಿರುಗಿಸಿದ. ಮನೆಯಲ್ಲಿ ಒಂದೂ ಇರಲಿಲ್ಲ. ಬಂದೂಕನ್ನು ಮಾತ್ರ ದಿನಾ ಒಂದು ಸಲ ಅವರ ತೊಡೆಯ ಮೇಲೆ ಇಡುತ್ತಿದ್ದೆವು. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ಬಿಚ್ಚಿ, ಒರೆಸಿ, ಜೋಡಿಸುತ್ತಿದ್ದರು. ಅಷ್ಟು ಹೊತ್ತು ಮನೆಯಲ್ಲಿ ನೆಮ್ಮದಿ.

ಎಲೆಕ್ಷನ್ ಬಂತು. ಎಲೆಕ್ಷನ್ ಎಂದರೆ ಲೈಸೆನ್ಸಿನ ಬಂದೂಕುಗಳನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಮಂಜು ಬೈಕು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದರೂ ಬಿಡದೆ ಅವರು ಎರಡೂ ನಳಿಗೆ ಒರೆಸಿಯೇ ಕೊಟ್ಟರು. ಬಟ್ಟೆ ಒಳಗೆ ಹೋದ ಹಾಗೆಯೇ ಬೆಳ್ಳಗೆ ಹೊರಗೆ ಬಂತು. ಪಕ್ಕದಲ್ಲಿ ನಿಂತು ನೋಡಿದವಳು ನಾನು.

ಮಾರನೆಯ ದಿನದಿಂದ ಹುಡುಕಾಟ ಶುರು. ಮಂಚದ ಕೆಳಗೆ, ಅಕ್ಕಿ ಡ್ರಮ್ಮಿನಲ್ಲಿ, ಬಾಡಿಗೆಯವರ ಮನೆಯಲ್ಲಿ. ಸುಮ್ಮನಿರಿಸಲು ಶೋಭಾ, “ಶಿವಾಜಿನಗರಕ್ಕೆ ರಿಪೇರಿಗೆ ಕೊಟ್ಟಿದೀವಿ ಮಾವ, ಬರುತ್ತೆ” ಎಂದಳು. ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದು ನೋಡಿದರೆ ಗೇಟು ತೆರೆದಿದೆ, ಅವರಿಲ್ಲ. ತಿಂಡಿ ತಿಂದಿರಲಿಲ್ಲ. ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಮಾತ್ರ ಆಗಿತ್ತು. ಚುಚ್ಚಿಸಿಕೊಂಡು ಉಣ್ಣದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಬರುತ್ತದೆ ಎಂದು ಆ ಕಾಯಿಲೆ ಇರುವ ಮನೆಯವರಿಗೆಲ್ಲ ಗೊತ್ತು.

ಬಂದೂಕು ಹುಡುಕಿಕೊಂಡು ಶಿವಾಜಿನಗರಕ್ಕೇ ಹೋಗಿದ್ದಾರೆ ಎಂದು ನಾವೆಲ್ಲ ತೀರ್ಮಾನಿಸಿದೆವು. ಬೇರೇನನ್ನು ತಾನೇ ಅಂದುಕೊಳ್ಳುವುದು? ಮಂಜು ರೈಲ್ವೆ ಸ್ಟೇಷನ್ನಿನ ಕಡೆ ಓಡಿದ. “ಹಳಿ ಮೇಲೂ ನೋಡು” ಎಂದೆ. ಅವನು ನನ್ನ ಮುಖ ನೋಡಿ ಹೋದ. ಶೋಭಾ ಮಾವನ ಫೋಟೋವನ್ನು ಫೋನಿನಲ್ಲಿ ಊರಿಗೆಲ್ಲ ಕಳಿಸಿದಳು. ನಾನು ಪೊಲೀಸ್ ಸ್ಟೇಷನ್ನಿಗೆ ಹೋದೆ. ಹೆಸರೇನು ಎಂದು ಪೊಲೀಸಿನವನು ಕೇಳಿದ. ಗಂಡನ ಹೆಸರನ್ನು ನಾನು ಅಲ್ಲಿಯವರೆಗೆ ಬಾಯಿಬಿಟ್ಟು ಹೇಳಿದವಳಲ್ಲ, ವೋಟಿನ ಚೀಟಿ ಬರೆಸುವಾಗಲೂ ಮಗನ ಕೈಲಿ ಹೇಳಿಸಿದವಳು. “ನಾರಾಯಣಸ್ವಾಮಿ” ಎಂದೆ. ಅವನಿಗೆ ಕೇಳಿಸಲಿಲ್ಲ. ಮತ್ತೆ ಕೂಗಿ ಹೇಳಿದೆ.

ಅಲ್ಲಿಂದ ಆಟೋದಲ್ಲಿ ಶಿವಾಜಿನಗರ. ಬಷೀರಣ್ಣ ಅಂಗಡಿ ಮುಚ್ಚಿ ಆಗಲೇ ಬಸ್ ನಿಲ್ದಾಣ, ಮಾರ್ಕೆಟ್ಟು, ಮಸೀದಿಯ ಗಲ್ಲಿ ಎಲ್ಲ ಸುತ್ತಿದ್ದರು. “ಭಾಯ್ ಬಂದಿಲ್ಲ ಭಾಭಿ” ಎಂದರು. ಆ ದಿನ ನಗಲಿಲ್ಲ. ಹಿಂದಿರುಗುವಾಗ ಹಲಸೂರು ಕೆರೆಯ ಹತ್ತಿರ ಆಟೋ ನಿಲ್ಲಿಸಿದೆ. ಕಂಬಿ ಹಿಡಿದು ನೀರನ್ನು ನೋಡುತ್ತಾ ನಡೆದೆ. ಏನನ್ನು ಹುಡುಕುತ್ತಿದ್ದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಬಿಳಿ ಚೀಲವೊಂದು ತೇಲುತ್ತಿತ್ತು. ಅದು ಚೀಲವೇ ಎಂದು ಖಾತ್ರಿಯಾಗುವವರೆಗೆ ಅಲ್ಲೇ ನಿಂತು ನೋಡಿದೆ.

ಸಂಜೆ ಮನೆಗೆ ಬಂದಾಗ ಮೋಡ ಕವಿದು ಕತ್ತಲಾಗುತ್ತಿತ್ತು, ಕರೆಂಟು ಹೋಗಿತ್ತು. ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಇಷ್ಟು ಹೊತ್ತಿಗೆ ಹೋಗಿರುತ್ತಾರೆ ಎಂದು ಮನಸ್ಸು ಹೇಳಿತು. ದೇವರನ್ನು ಕರೆಯಲಿಲ್ಲ. ಹೆಣವಾದರೂ ಸಿಗಲಿ, ಮಣ್ಣು ಮಾಡುವಂತಾಗಲಿ ಎಂದು ಮಾತ್ರ ಅಂದುಕೊಂಡೆ. ಅಷ್ಟು ಆಸೆ ಬಿಟ್ಟು ಕೂತಿದ್ದೆ.

ಆಗ ಕೇಳಿಸಿತು. ಢಂ. ತಡೆಯಿತು. ಢಂ. ಹಳೆಯ ಕೆರೆಯಿದ್ದ ಮೂಡಲ ದಿಕ್ಕಿನಿಂದ.

ನಾನು ಎದ್ದೆ. ಒಳಗೆ ಹೋದೆ. ಪಾತ್ರೆಗೆ ನೀರು ಹಾಕಿ ಒಲೆ ಹಚ್ಚಿದೆ. ಯೋಚನೆ ಮಾಡಿ ಮಾಡಿದ್ದಲ್ಲ ಇದು, ಕೈ ಮಾಡಿತು. ಶೋಭಾ ಮೊಂಬತ್ತಿ ಹಿಡಿದುಕೊಂಡು ಬಂದಳು.

“ಏನ್ ಮಾಡ್ತಿದೀರಾ ಅತ್ತೆ?”

“ಎಸರಿಡ್ತಿದೀನಿ.”

“ಈಗ್ಯಾಕೆ? ಯಾರ್ ಉಣ್ತಾರೆ?”

“ಬಂದೂಕಿನ ಸದ್ದು ಬಂತಲ್ಲೇ.”

ಹಾಗೆ ಹೇಳಿದ ಮೇಲೆ ನನಗೆ ನಾನು ಹೇಳಿದ್ದು ಕೇಳಿಸಿತು. ಶೋಭಾಗೆ ಯಾವ ಸದ್ದೂ ಕೇಳಿಸಿರಲಿಲ್ಲ. ಮಹಡಿಯ ಬಾಡಿಗೆಯವರನ್ನು ಕೂಗಿ ಕೇಳಿದೆ, ಅವರಿಗೂ ಇಲ್ಲ. ಗುಡುಗಿರಬೇಕು, ಎಲೆಕ್ಷನ್ ಪಟಾಕಿ ಇರಬೇಕು ಎಂದರು. ನಾನು ಆ ಹೊತ್ತಿಗೆ ಸರಳು ನೇತುಹಾಕುವ ಮೊಳೆಯನ್ನು ನೋಡುತ್ತಿದ್ದೆ. ಹಿತ್ತಾಳೆಯ ಸರಳು ಅಲ್ಲಿರಲಿಲ್ಲ.

ಮಂಜುಗೆ ಫೋನ್ ಮಾಡಿಸಿದೆ. “ಕೆರೆ ತೂಬಿನ ಹತ್ರ ಬಾ” ಎಂದೆ.

“ಕೆರೆ ಎಲ್ಲಿದೆ ಅಮ್ಮಾ ಈಗ? ಅಲ್ಲಿ ಅಪಾರ್ಟ್‌ಮೆಂಟಿದೆ. ಯಾರ್ ಹೇಳಿದ್ರು ನಿಂಗೆ?”

“ಬಾ ಅಂದ್ರೆ ಬಾ.”

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವನು ತಡೆದ. ಯಾರ ಮನೆಗೆ ಎಂದು ಕೇಳಿದ. ನನ್ನ ಗಂಡ ಬಾತು ಹೊಡೆಯೋ ಜಾಗಕ್ಕೆ ಎಂದೆ. ಹುಚ್ಚಿ ಎಂದುಕೊಂಡಿರಬೇಕು, ಬಿಟ್ಟ. ಕಾಂಪೌಂಡಿನ ಹಿಂದೆ ರಾಜಕಾಲುವೆ ಇದೆ, ಸಿಮೆಂಟು ಹಾಕಿದ ಆಳದ ಚರಂಡಿ. ಅದರ ಅಂಚಿನಲ್ಲಿ ಹಳೆಯ ತೂಬಿನ ಎರಡು ಕಲ್ಲುಕಂಬಗಳು ಇನ್ನೂ ನಿಂತಿವೆ. ಕೆಳಗೆ, ಕಾಲುವೆಯ ಒಣಗಿದ ತಳದಲ್ಲಿ, ಅವರು ಒರಗಿ ಕೂತಿದ್ದರು. ಒಂದು ಕಾಲು ತಿರುಚಿಕೊಂಡಿತ್ತು. ಹಿತ್ತಾಳೆಯ ಸರಳು ಭುಜದ ಮೇಲಿತ್ತು. ತುಟಿ ಒಣಗಿ ಬಿಳಚಿತ್ತು, ಮೈಯೆಲ್ಲ ಬೆವರು.

ನನ್ನನ್ನು ನೋಡಿ, ಎಷ್ಟೋ ತಿಂಗಳಿಂದ ಕರೆಯದ ನನ್ನ ಹೆಸರು ಹಿಡಿದು ಕರೆದರು. “ಮುನಿರತ್ನಾ, ಕೇಳಿಸ್ತಾ? ಎಸರಿಟ್ಟಿದೀಯಾ?”

“ಇಟ್ಟಿದೀನಿ. ಏಳಿ” ಎಂದೆ.

ಮಂಜು ಬಂದು ಕೆಳಗಿಳಿದ. ಸೆಕ್ಯೂರಿಟಿಯವನೂ ಇಳಿದ. ಇಬ್ಬರೂ ಸೇರಿ ಎತ್ತಿದರು. ನಾನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಬೆಲ್ಲವನ್ನು ಅವರ ಬಾಯಿಗಿಟ್ಟೆ. ಮಂಜು ಕರೆಸಿದ ಬಾಡಿಗೆ ಕಾರಿನಲ್ಲಿ ಅವರನ್ನು ಮಲಗಿಸುವ ಹೊತ್ತಿಗೆ ಮಳೆ ಹಿಡಿಯಿತು. ಎಂಥ ಮಳೆ! ಆಸ್ಪತ್ರೆಗೆ ಹೊರಟಾಗ ತಿರುಗಿ ನೋಡಿದೆ. ಅವರು ಕೂತಿದ್ದ ಜಾಗದಲ್ಲಿ ಮೇಲುಗಡೆಯಿಂದ ನುಗ್ಗಿ ಬಂದ ಕೆಂಪು ನೀರು ಆಳೆತ್ತರ ಹರಿಯುತ್ತಿತ್ತು.

ಆಮೇಲೆ ಅವರು ಒಂದು ವರ್ಷಕ್ಕೂ ಮೇಲೆ ಇದ್ದರು, ಮನೆಯಲ್ಲಿ, ತಮ್ಮ ಮಂಚದ ಮೇಲೆ ಹೋದರು. ನನ್ನ ಹೆಸರನ್ನು ಮತ್ತೆ ಕರೆಯಲಿಲ್ಲ. ಬಷೀರಣ್ಣ ಈ ಕಥೆ ಕೇಳಿ ಅಲ್ಲಾಹನ ಕೆಲಸ ಎನ್ನುತ್ತಾರೆ. ಶೋಭಾ, ನಿಮ್ಮ ಮನಸ್ಸೇ ದಾರಿ ತೋರಿಸಿತು ಅತ್ತೆ ಎನ್ನುತ್ತಾಳೆ. ಇರಬಹುದು. ಹಾಗೆಂದುಕೊಂಡು ಸುಮ್ಮನಾಗಬಹುದಿತ್ತು, ಮಾರನೆಯ ಬೆಳಿಗ್ಗೆ ನಾನು ಸ್ಟೇಷನ್ನಿಗೆ ಹೋಗದೇ ಇದ್ದಿದ್ದರೆ.

ಹೋದೆ. ಆಸ್ಪತ್ರೆಯಿಂದ ನೇರವಾಗಿ, ಮಂಜುವನ್ನು ಕರೆದುಕೊಂಡು, ಕೈಯಲ್ಲಿ ಹಿತ್ತಾಳೆಯ ಸರಳು, ಬಿಳಿ ಪಂಚೆಯ ತುಂಡು ಹಿಡಿದುಕೊಂಡು. ಮಳೆ ಬಂದಿದೆ, ಒಪ್ಪಿಸಿದ ಬಂದೂಕಿಗೆ ತುಕ್ಕು ಹಿಡಿಯುತ್ತದೆ, ಒಂದು ಸಲ ಒರೆಸಿ ಕೊಡುತ್ತೇನೆ ಎಂದು ಹೇಳಿದೆ. ದಫೇದಾರರು ಪರಿಚಯದವರು. ಬೀಗ ತೆಗೆದು, ಬಂದೂಕನ್ನು ತಮ್ಮ ಮೇಜಿನ ಮೇಲೇ ಇಟ್ಟು, ಎದುರಿಗೆ ಕೂತರು. ಮಂಜು ಅದನ್ನು ಮಡಚಿ ತೆರೆದ. ಬಲಗಡೆ ನಳಿಗೆಯೊಳಗೆ ಬಟ್ಟೆ ಆಡಿಸಿ ಎಳೆದೆ. ಕಪ್ಪಗೆ ಬಂತು. ಎಡಗಡೆಯದೂ ಕಪ್ಪು.

“ಹಳೇ ಎಣ್ಣೆ ಅಮ್ಮಾ, ಕಪ್ಪಾಗುತ್ತೆ” ಎಂದ ಮಂಜು. ಅವನ ಮುಖ ಮಾತ್ರ ಬೆಳ್ಳಗಾಗಿತ್ತು.

ನಾನು ಬಟ್ಟೆಯನ್ನು ಮೂಸಿ ನೋಡಿದೆ. ಎಣ್ಣೆಯದಲ್ಲ, ಮದ್ದಿನ ವಾಸನೆ. ಹೊಸ ತುಂಡು ಸಿಕ್ಕಿಸಿದೆ, ಮತ್ತೆ ಆಡಿಸಿದೆ. ಹಾರಿಸಿದ ಬಂದೂಕನ್ನು ಒರೆಸದೆ ಇಡಬಾರದು. ಬಟ್ಟೆ ಬೆಳ್ಳಗೆ ಬರುವ ತನಕ ಒರೆಸಿ, ಬೀರುವಿನಲ್ಲಿಡಿಸಿ, ಯಜಮಾನರಿಗೆ ಗಂಜಿ ಕಾಯಿಸಲು ಮನೆಗೆ ಹೋದೆ.