ಲೆಕ್ಕದಕ್ಕನ ಎಂಬತ್ನಾಲ್ಕು

ಬೆಳಕಿನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಕ್ಲಬ್ಬಿನ ಹಿಂಬದಿಯ ಕೋಣೆಯಲ್ಲಿ ಲೆಕ್ಕದಕ್ಕ ಕಿಟಕಿ ತೆರೆದು, ನೆಲ ಗುಡಿಸಿ, ಬಟ್ಟೆಯಿಂದ ಕರಿಹಲಗೆ ಒರೆಸುತ್ತಿದ್ದಾರೆ. ಸೀಮೆಸುಣ್ಣದ ಪುಡಿ ಎಳೆಬಿಸಿಲಲ್ಲಿ ತೇಲುತ್ತಿದೆ. ಪಕ್ಕದಲ್ಲಿ ಪುಟ್ಟ ಬಾಣಗಳನ್ನು ಗುರಿಯಿಟ್ಟು ಎಸೆಯುವ ಡಾರ್ಟ್ಸ್ ಬೋರ್ಡಿನ ಮುಂದೆ ನರಪಿಳ್ಳೆಯೂ ಇಲ್ಲ. ಆದರೂ ಅಕ್ಕನ ಕಣ್ಣಿಗೆ ಅಲ್ಲಿ ಬಾಣಗಳು ಬೀಳುತ್ತಿವೆ. "ಐನೂರ ಒಂದು... ಅರವತ್ತು ಹೋಯ್ತು, ನಾನೂರ ನಲವತ್ತೊಂದು... ಐವತ್ತೇಳು ಹೋಯ್ತು, ಮುನ್ನೂರ ಎಂಬತ್ನಾಲ್ಕು..."

ಬೆಳಗ್ಗೆ ಗುಡಿಸುವ ಇವರೇ ಸಂಜೆ ಆಟದ ಅಂಕ ಬರೆಯುವವರು. ಐನೂರ ಒಂದರಿಂದ ಕಳೆಯುತ್ತಾ ಸರಿಯಾಗಿ ಸೊನ್ನೆಗೆ ಇಳಿದವರು ಗೆದ್ದಂತೆ. ಉಳಿದದ್ದಕ್ಕಿಂತ ಹೆಚ್ಚು ಹೊಡೆದರೆ ಆ ಸರದಿಯೇ ದಂಡ. ಉಳಿದದ್ದೆಷ್ಟು ಎಂದು ಥಟ್ಟನೆ ಕೂಗಿ ಹೇಳುವುದು ಅಕ್ಕನ ಕೆಲಸ.

"ಸ್ಕೂಲಲ್ಲಿ ಕಳೆಯೋ ಲೆಕ್ಕ ಅಂದ್ರೆ ಕೈಕಾಲು ತಣ್ಣಗಾಗ್ತಿತ್ತು ನಂಗೆ," ಎಂದು ನಗುತ್ತಾರೆ. ಮೊದಲು ಅಂಕ ಬರೆಯುತ್ತಿದ್ದವರಿಗೆ ಜ್ವರ ಬಂದ ದಿನ ಸೀಮೆಸುಣ್ಣ ಇವರ ಕೈಗೆ ಬಂತು. ಅವತ್ತು ಫೈನಲ್. ಆಡುತ್ತಿದ್ದವನು ಒಡಹುಟ್ಟಿದ ತಮ್ಮ, ಲಾರಿ ಮೆಕ್ಯಾನಿಕ್. ನೂರ ನಲವತ್ತೊಂದರಲ್ಲಿ ಐವತ್ತೇಳು ಕಳೆದರೆ ಎಂಬತ್ನಾಲ್ಕು. ಗಾಬರಿಯಲ್ಲಿ ಅಕ್ಕ ತೊಂಬತ್ನಾಲ್ಕು ಎಂದುಬಿಟ್ಟರು. ತಮ್ಮ ನಂಬಿದ. ಒಂದು ಬಾಣಕ್ಕೆ ಐವತ್ನಾಲ್ಕು, ಇನ್ನೊಂದಕ್ಕೆ ನಲವತ್ತು, ಎರಡೂ ಗುರಿಗೆ ನಾಟಿದವು. ಕೋಣೆಯಿಡೀ ಚಪ್ಪಾಳೆ. ಅಷ್ಟರಲ್ಲಿ ಎದುರಾಳಿ ಹಲಗೆಯತ್ತ ಬೆರಳು ತೋರಿಸಿದ. ಹತ್ತು ಹೆಚ್ಚಾಗಿತ್ತು. ಸರದಿ ದಂಡವಾಯಿತು, ಮುಂದಿನ ಸರದಿಯಲ್ಲಿ ಎದುರಾಳಿ ಸೊನ್ನೆಗಿಳಿದ, ಕಪ್ ಕೈತಪ್ಪಿತು.

"ಬೈದಿದ್ರೆ ಸಮಾಧಾನ ಆಗ್ತಿತ್ತು. 'ಇರ್ಲಿ ಬಿಡಕ್ಕಾ' ಅಂದ. ಆಮೇಲೆ ಈ ಕಡೆ ತಲೇನೇ ಹಾಕ್ಲಿಲ್ಲ."

'ಲೆಕ್ಕದಕ್ಕ' ಎಂಬ ಹೆಸರು ಆಗ ಗೇಲಿಗೆ ಬಿದ್ದದ್ದು. ಅಕ್ಕ ಹಟಕ್ಕೆ ಬಿದ್ದರು. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಕಡೆಗೆ ಅರೆನಿದ್ದೆಯಲ್ಲೂ ಅಂಕಿಗಳು ಮೆಟ್ಟಿಲಿಳಿದು ಬರತೊಡಗಿದವು. "ಐವತ್ತೇಳು ಕಳೀಬೇಕಾ? ಅರವತ್ತು ಕಳೆದು ಮೂರು ಕೂಡಿಸ್ಬಿಡೋದು. ಒಂದು ಹೆಜ್ಜೆ ಮುಂದೆ ಹೋಗಿ ಹಿಂದೆ ಬಂದ ಹಾಗೆ." ಈಗ ಬಾಣ ನಾಟುವ ಸದ್ದಡಗುವ ಮೊದಲೇ ಅಂಕ ಇವರ ನಾಲಿಗೆಯ ಮೇಲಿರುತ್ತದೆ. ಅದೇ ಹೆಸರಲ್ಲಿ ಕ್ಲಬ್ಬಿನವರು ಈಗ ಅಕ್ಕರೆಯಿಂದ ಕರೆಯುತ್ತಾರೆ.

ಕಳೆದ ವರ್ಷ ತಮ್ಮ ಮತ್ತೆ ಆಡಲು ಬಂದ. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಆದರೆ ಇವರು ಅಂಕ ಕೂಗಿದಾಗಲೆಲ್ಲ ಅವನ ತುಟಿ ಮೆಲ್ಲಗೆ ಅಲ್ಲಾಡುತ್ತದೆ. ತಾನೂ ಒಮ್ಮೆ ಕಳೆದು ನೋಡಿಕೊಳ್ಳುತ್ತಾನೆ. ಅದು ಬೇರೆ ಯಾರಿಗೂ ಕಾಣುವುದಿಲ್ಲ, ಅಕ್ಕನಿಗೆ ಮಾತ್ರ ಚುಚ್ಚುತ್ತದೆ.

ಏನಾಸೆ ನಿಮಗೆ ಎಂದರೆ ಅಕ್ಕ ಹಲಗೆ ಒರೆಸುವುದನ್ನು ನಿಲ್ಲಿಸುತ್ತಾರೆ.

"ನಾನು ಹೇಳಿದ್ಮೇಲೆ ಅವನು ಲೆಕ್ಕ ಹಾಕ್ಬಾರ್ದು, ಅಷ್ಟೇ. ಹೋದ ಭಾನುವಾರ ಆಟದುದ್ದಕ್ಕೂ ತುಟಿ ಅಲ್ಲಾಡ್ತಾನೇ ಇತ್ತು. ಕೊನೇಲಿ ನಾನು ಎಂಬತ್ನಾಲ್ಕು ಅಂದೆ. ಅವನು ನನ್ನ ಮುಖ ನೋಡ್ದ. ಬಾಣ ಎತ್ತಿ, ತುಟಿ ಅಲ್ಲಾಡಿಸ್ದೆ ಎಸೆದ."