ಟ್ಯಾಮ್ಸಿನ್ ಕಾಯಿಸಿದ ಹಾಸಿಗೆ

ಕಾರ್ನ್‌ವಾಲಿನ ಆ ದೊಡ್ಡ ಬಂಗಲೆಯಲ್ಲಿ ಚಳಿಗಾಲಕ್ಕೆ ಹಾಸಿಗೆಗಳೂ ಕೊರೆಯುತ್ತಿದ್ದವು. ಯಜಮಾನಿ ಮಲಗುವ ಮುನ್ನ ಆಕೆಯ ಹಾಸಿಗೆಯಲ್ಲಿ ಮಲಗಿ, ಮೈಶಾಖದಿಂದ ಅದನ್ನು ಕಾಯಿಸುವುದು ಟ್ಯಾಮ್ಸಿನ್‌ಳ ಕೆಲಸ. ಹುಡುಗಿಯಾಗಿ ಬಂದವಳು ಅದರಲ್ಲೇ ಮುದುಕಿಯಾದಳು. ಹಾಸಿಗೆ ಬೆಚ್ಚಗಾದ ಕೂಡಲೇ ಎದ್ದು, ಅಟ್ಟದ ಮೇಲಿನ ತನ್ನ ತಣ್ಣನೆಯ ಹಾಸಿಗೆಗೆ ಹೋಗಬೇಕು.

“ನಿನ್ನ ಹಾಸಿಗೆ ಯಾರೇ ಕಾಯಿಸ್ತಾರೆ?” ಎಂದು ಯಜಮಾನಿ ಒಮ್ಮೆ ಕೆಣಕಿದ್ದಳು.

“ದೆವ್ವ ಬಂದು ಕಾಯಿಸ್ಬೇಕು, ಅಮ್ಮಾವ್ರೇ,” ಟ್ಯಾಮ್ಸಿನ್ ಸಿಡುಕಿದ್ದಳು.

“ಆಯ್ತು ಬಿಡು, ನಾನೇ ಸತ್ತು ಬರ್ತೀನಿ!”

ಯಜಮಾನಿಯನ್ನು ಮಣ್ಣು ಮಾಡಿದ ದಿನ ಸಂಜೆ ಟ್ಯಾಮ್ಸಿನ್ ಅಟ್ಟ ಹತ್ತಿ ಕಂಬಳಿಯೊಳಗೆ ಕೈ ತೂರಿಸಿದಳು. ಹಾಸಿಗೆ ಬೆಚ್ಚಗಿತ್ತು. ಯಾರೋ ಇನ್ನೂ ಮಲಗಿರುವಂತೆ ನಡುವೆ ತಗ್ಗಾಗಿತ್ತು. ಅವಳು ಕಂಬಳಿ ಸರಿಸಿ ಗದರಿದಳು:

“ಕಾಯ್ಸಿದ್ದು ಸಾಕು, ಏಳಿ ಅಮ್ಮಾವ್ರೇ. ಬೆಚ್ಚಗಾದ್ಮೇಲೆ ಎದ್ದು ಹೋಗ್ಬೇಕು. ನೀವೇ ಮಾಡಿದ ಪದ್ಧತಿ.”