ಪೆಟ್ಟಿಗೆ ಮೇಷ್ಟ್ರ ತಪ್ಪು ಸ್ವರ

ಶಾಲೆಯಲ್ಲಿ ಎಲ್ಲರೂ ಅವರನ್ನು ಪೆಟ್ಟಿಗೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮಕ್ಕಳ ಹಾಡಿಗೆ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವುದು ಅವರ ಕೆಲಸ. ಹಾರ್ಮೋನಿಯಂ ರಿಪೇರಿಯ ಅಂಗಡಿಯಲ್ಲಿ ಬೆಳೆದವರು, ಸ್ವರ ಕಲಿತದ್ದು ಬರೀ ಕಿವಿಯಿಂದ. ಈಗ ಪೆಟ್ಟಿಗೆಗೂ ಅವರಿಗೂ ಒಂದೇ ಕಾಯಿಲೆ: ಅದರ ಗಾಳಿಯೂದುವ ತಿದಿಯಲ್ಲಿ ತೂತು, ಇವರ ಎದೆಯಲ್ಲಿ ಉಬ್ಬಸ. ತಿದಿಗಾದರೆ ತೇಪೆ ಹಾಕಬಹುದಿತ್ತು.

ಅವರದೊಂದು ಪದ್ಧತಿ ಇತ್ತು. ವೇದಿಕೆ ಹತ್ತುವ ಮಗುವಿನ ಕೈ ತಣ್ಣಗಾಗಿದ್ದರೆ ಕಿವಿಯಲ್ಲಿ ಹೇಳುವರು: "ಮೊದಲ ತಪ್ಪು ನಂದು. ಜನ ನನ್ನ ನೋಡಿ ನಗ್ತಾರೆ. ನಕ್ಕಾದ ಮೇಲೆ ನೀನು ಶುರು ಮಾಡು." ಹಾಡಿಗೆ ಮುಂಚೆ ಬಾರಿಸುವಾಗ ಬೇಕೆಂದೇ ಬೆರಳು ಜಾರಿಸಿ ಒಂದು ಅಪಸ್ವರ ಹೊರಡಿಸುವರು. ಸಭೆ ಗೊಳ್ಳೆನ್ನುವುದು. ಇನ್ನು ತಪ್ಪಿದರೂ ತನ್ನದು ಎರಡನೆಯ ತಪ್ಪು ಎಂಬ ಧೈರ್ಯದಲ್ಲಿ ಮಗು ಬಾಯಿ ತೆರೆಯುವುದು. ಭಯ ಹೋಗುತ್ತಿರಲಿಲ್ಲ, ತುಸು ಪಕ್ಕಕ್ಕೆ ಸರಿದು ಕೂರುತ್ತಿತ್ತು.

"ತಪ್ಪು ಮಾಡೋಕೇ ಸಂಬಳ ಕೊಡೋ ಶಾಲೆ ನಿಮ್ಮದೊಂದೇ" ಎಂದು ಹೆಂಡತಿ ಚುಚ್ಚುತ್ತಿದ್ದರು.

ಸಭೆಗೆ ಈ ಗುಟ್ಟು ಹೇಗೆ ಗೊತ್ತಾಗಬೇಕು? ಮುದುಕನ ಕೈ ನಡುಗುತ್ತದೆ ಎಂಬ ಮಾತು ಹಬ್ಬಿತು. ಈ ವರ್ಷದ ಕಾರ್ಯಕ್ರಮದ ಬೆಳಿಗ್ಗೆ ಶಾಲೆಯ ಮುಖ್ಯಸ್ಥೆ, ಮಕ್ಕಳ ಬಾಯಲ್ಲಿ ದೊಡ್ಡ ಮೇಡಂ, ಅವರನ್ನು ಕರೆಸಿದರು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಇವತ್ತೊಂದು ತಪ್ಪಾದ್ರೂ ಮುಂದಿನ ವರ್ಷದಿಂದ ರೆಕಾರ್ಡ್ ಹಾಕಿಬಿಡ್ತೀವಿ. ಮಕ್ಕಳ ತಂದೆ ತಾಯಿ ಆಡ್ಕೊಂಡು ನಗ್ತಾರೆ."

"ಅದು ಬೇಕಂತಲೇ ಮಾಡೋದು ಮೇಡಂ, ಮಕ್ಕಳಿಗೋಸ್ಕರ."

ಮೇಡಂ ಕನಿಕರದಿಂದ ನೋಡಿದರು. ಕುಣಿಯಲಾರದವರು ನೆಲ ಡೊಂಕು ಅಂದರಂತೆ ಎಂಬ ಗಾದೆ ಅವರ ಮುಖದ ಮೇಲೇ ಬರೆದಂತಿತ್ತು. ಮೇಷ್ಟ್ರು ವಾದಿಸಲಿಲ್ಲ. ವಾದಿಸುವುದಕ್ಕೂ ಉಸಿರು ಬೇಕು.

ಸಂಜೆ ಪರದೆಯ ಹಿಂದೆ ಗುಬ್ಬಿ ನಿಂತಿದ್ದಳು. ಅವಳ ಗಾತ್ರ ನೋಡಿ ಗೆಳತಿಯರು ಇಟ್ಟ ಹೆಸರದು. ತರಗತಿಯಲ್ಲಿ ಕಂಚಿನ ಕಂಠ, ಜನರೆದುರು ಬಾಯಿಗೆ ಬೀಗ. ಹೋದ ವರ್ಷ ಬೇರೊಂದು ಶಾಲೆಯ ವೇದಿಕೆಯಿಂದ ಅಳುತ್ತಾ ಇಳಿದವಳು, ಈ ಸಲವೂ ಹಾಗಾದರೆ ಹಾಡುವುದನ್ನೇ ಬಿಡುತ್ತೇನೆಂದು ಅಮ್ಮನಿಗೆ ಹೇಳಿ ಬಂದಿದ್ದಳು. ಮೊದಲ ತಪ್ಪು ತಮ್ಮದೆಂದು ಮೇಷ್ಟ್ರು ಹಿಂದಿನ ದಿನವೇ ಅವಳಿಗೆ ಮಾತು ಕೊಟ್ಟಿದ್ದರು.

"ಎದೆ ಡವಡವ ಅಂತಿದೆ ಮೇಷ್ಟ್ರೇ."

"ಅನ್ಲಿ ಬಿಡು. ಪುಕ್ಕಟೆ ತಾಳ ಹಾಕ್ತಿದೆ."

"ಮೊದಲ ತಪ್ಪು ನಿಮ್ದೇ ತಾನೇ?"

ಮೇಷ್ಟ್ರು ಏನೋ ಹೇಳಹೋದರು. ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ಮೇಷ್ಟ್ರು ಬಾರಿಸಿದರು, ಕೂದಲೆಳೆಯಷ್ಟೂ ತಪ್ಪಿಲ್ಲದೆ. ಮುಂದಿನ ಸಾಲಿನಲ್ಲಿ ದೊಡ್ಡ ಮೇಡಂ ತಲೆದೂಗಿದರು. ಗುಬ್ಬಿ ಹಾಡಲಿಲ್ಲ, ಮೇಷ್ಟ್ರನ್ನೇ ನೋಡುತ್ತಾ ನಿಂತಳು. ಇನ್ನೊಮ್ಮೆ ಬಾರಿಸಿದರು, ಮೊದಲಿಗಿಂತ ಚೊಕ್ಕವಾಗಿ. ಅವಳ ಕಣ್ಣು ಅವರ ಬೆರಳುಗಳಿಗೆ ಇಳಿಯಿತು. ಆಗ ಅವರಿಗೆ ಹೊಳೆಯಿತು: ಮಗು ಹಾಡು ಮರೆತಿಲ್ಲ, ತಪ್ಪಿಗಾಗಿ ಕಾಯುತ್ತಿದೆ. ತಾವೇ ಊರುಗೋಲು ಕೊಟ್ಟು, ಮೆಟ್ಟಿಲು ಹತ್ತುವಾಗ ಕಿತ್ತುಕೊಂಡಿದ್ದರು.

ಸಭೆಯಲ್ಲಿ ಗುಸುಗುಸು ಎದ್ದಿತು. ಮೇಷ್ಟ್ರು ನಿಟ್ಟುಸಿರು ಬಿಟ್ಟು, ಬೆರಳು ಜಾರಿಸಿಯೇಬಿಟ್ಟರು. ಗೂಬೆ ಕೆಮ್ಮಿದಂಥ ಸ್ವರ. ಸಭೆ ನಕ್ಕಿತು. "ಪಾಪ, ಮನೇಲಿ ಕೂರಿಸಬಾರದಾ" ಎಂದು ಯಾರೋ ಅಂದದ್ದೂ ಕಿವಿಗೆ ಬಿತ್ತು.

ಗುಬ್ಬಿ ಬಾಯಿ ತೆರೆದಳು. ಮೊದಲ ಸಾಲು ನಡುಗಿತು, ಎರಡನೆಯದು ಕುಂಟಿತು, ಆಮೇಲಿನವು ಹೇಗೋ ನಡೆದುಕೊಂಡು ಹೋದವು. ಚಪ್ಪಾಳೆಯೇನೂ ಜೋರಾಗಿರಲಿಲ್ಲ. ಆದರೆ ಹಾಡು ಪೂರ್ತಿಯಾಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ದೊಡ್ಡ ಮೇಡಂ ಪರದೆಯ ಹಿಂದೆ ಬಂದು, "ಮುಂದಿನ ವರ್ಷ ನೀವು ಆರಾಮಾಗಿ ಸಭೇಲಿ ಕೂತು ಕೇಳಿ ಮೇಷ್ಟ್ರೇ" ಎಂದು ಮೆತ್ತಗೆ ಹೇಳಿ ಹೋದರು. ಅವರು ಅತ್ತ ಹೋಗುತ್ತಲೇ ಗುಬ್ಬಿ ಓಡಿ ಬಂದಳು.

"ಎರಡು ಸಲ ಯಾಕೆ ಸರಿಯಾಗಿ ಬಾರಿಸಿದ್ರಿ? ನಿಮಗೂ ಭಯ ಆಯ್ತಾ?"

"ಹೂಂ ಮರಿ. ನಿನಗಿಂತ ಜಾಸ್ತಿ."

"ಆಮೇಲೆ ಹೋಯ್ತಾ?"

"ಎಲ್ಲಿ ಹೋಗುತ್ತೆ? ಭಯಪಟ್ಕೊಂಡೇ ಬಾರಿಸಿದೆ. ನೀನೂ ಹಾಗೇ ತಾನೇ ಹಾಡಿದ್ದು?"

ಗುಬ್ಬಿ ಯೋಚಿಸಿ, ಹೌದೆಂದು ತಲೆಯಾಡಿಸಿದಳು.

"ಮುಂದಿನ ವರ್ಷ ಚಿಕ್ಕ ಮಕ್ಕಳಿಗೆ ಇದನ್ನ ನೀನೇ ಹೇಳ್ಬೇಕು. ನಾನು ಬಾರಿಸೋದಿಲ್ಲ."

"ಯಾಕೆ?"

"ಕೂತು ಕೂತು ಸೊಂಟ ಹಿಡ್ಕೊಂಡಿದೆ."

ಅವಳು ನಂಬಿ, ಅಮ್ಮನನ್ನು ಹುಡುಕಿಕೊಂಡು ಓಡಿದಳು. ಮೇಷ್ಟ್ರು ತಿದಿ ಮುಚ್ಚಿ ಏಳಲು ನೋಡಿದರು, ಆಗಲಿಲ್ಲ. ಸೊಂಟದ ಮಾತು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.